ಎರಡನೇ ಸೀನು

ನಮ್ಮ ಕಡೆ ಒಂಟಿ ಸೀನು ಅಪಶಕುನ. ಯಾರಾದರೂ ಮನೆಯಿಂದ ಹೊರಡುವಾಗ ಒಂದೇ ಸಲ ಸೀನಿದರೆ ನಮ್ಮ ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು. ‘ತಡಿ, ಇನ್ನೊಂದು ಬರಲಿ.’ ಇನ್ನೊಂದು ಬಂದರೆ ಜೋಡಿ ಆಯಿತು, ಹೊರಡಬಹುದು. ಬರದಿದ್ದರೆ ಕೂತು ಒಂದು ಲೋಟ ನೀರು ಕುಡಿದು ಹೋಗಬೇಕು. ನಾನು ಬರೆದ ಒಂದು ಉದ್ದನೆಯ ಕಥೆ ಈ ಎರಡನೇ ಸೀನಿನ ಮೇಲೆ ನಿಂತಿದೆ. ಅಲ್ಲಿಗೆ ತಲುಪೋಕೆ ನಾಲ್ಕು ವರ್ಷ ಬೇಕಾಯಿತು. ಆರು ಸಲ ಮೊದಲಿಂದ ಬರೆದೆ. ಹೇಗೆ ಕೆಟ್ಟಿತು, ಹೇಗೆ ಸರಿಹೋಯಿತು ಅಂತ ಕೇಳುವವರಿದ್ದಾರೆ. ಅದಕ್ಕೇ ಇದು.

ನಾನು ಮೊಳಕಾಲ್ಮೂರು ಕಡೆಯವನು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. 2009ರಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಗೆ ಲೆಕ್ಕ ಬರೆಯೋಕೆ ಬಂದೆ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೆ ಮುಂಚೆ ಎರಡೂ ಒಂದೇ ಚಿತ್ರದುರ್ಗ ಜಿಲ್ಲೆ. ಹಾಗಾಗಿ ಪರಊರು ಅನ್ನಿಸಬಾರದಿತ್ತು. ಆದರೆ ಬಾಯಿ ಬಿಟ್ಟ ಕೂಡಲೇ ‘ಯಾವ ಕಡೆಯೋರು ನೀವು?’ ಅನ್ನುತ್ತಿದ್ದರು. ಅದು ಮೊದಲ ಪ್ರಶ್ನೆ. ಎರಡನೆಯದು ಸ್ವಲ್ಪ ಹೊತ್ತು ಬಿಟ್ಟು, ಟೀ ಮುಗಿಯೋ ಹೊತ್ತಿಗೆ ಬರುತ್ತಿತ್ತು. ‘ಯಾರ ಪೈಕಿ?’ ರೂಮು ಕೇಳಿಕೊಂಡು ಹೋದ ಮೂರು ಮನೆಗಳಲ್ಲಿ, ಈ ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ, ಖಾಲಿ ಇದ್ದ ರೂಮಿಗೆ ಇದ್ದಕ್ಕಿದ್ದಂತೆ ಯಾರೋ ಅಡ್ವಾನ್ಸ್ ಕೊಟ್ಟು ಹೋಗಿರುತ್ತಿದ್ದರು. ನಾಲ್ಕನೆಯದು ಸಿಕ್ಕಿತು. ಒಂದು ವಠಾರ. ಒಂಬತ್ತು ಮನೆ, ಒಂದು ನಲ್ಲಿ.

ಆ ಮೊದಲ ವರ್ಷದ ಭಾನುವಾರಗಳು ಈಗಲೂ ನೆನಪಿವೆ. ವಾರದ ದಿನ ಪರವಾಗಿಲ್ಲ, ಮಂಡಿಯಲ್ಲಿ ಗಲಾಟೆ. ಮೆಕ್ಕೆಜೋಳದ ಸೀಸನ್ನಿನಲ್ಲಂತೂ ಉಸಿರಾಡೋಕೂ ಪುರುಸೊತ್ತಿಲ್ಲ. ಆದರೆ ಭಾನುವಾರ ಸಂಜೆ ನಾಲ್ಕರ ಮೇಲೆ ಏನು ಮಾಡೋದು? ಬೆಣ್ಣೆ ದೋಸೆ ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿ ಟೇಬಲ್ ಹಂಚಿಕೊಂಡು ಕೂರಬೇಕು. ಎದುರು ಯಾರೋ ಇರುತ್ತಾರೆ. ಇಬ್ಬರೂ ಚಟ್ನಿ ನೋಡುತ್ತಾ ತಿನ್ನುತ್ತೇವೆ. ಎದ್ದು ಹೋಗುತ್ತೇವೆ. ಆ ಹತ್ತು ನಿಮಿಷಕ್ಕೋಸ್ಕರ ನಾನು ವಾರವಿಡೀ ಕಾಯುತ್ತಿದ್ದೆ ಅಂತ ಹೇಳಿಕೊಳ್ಳೋಕೆ ಈಗ ನಾಚಿಕೆಯಿಲ್ಲ.

ಆಮೇಲೆ ಒಂದು ವಿಷಯ ಗೊತ್ತಾಯಿತು. ಊರಿಗೆ ಹೆಸರು ತಂದ ಆ ದೋಸೆಯೇ ಹೊರಗಿನದು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬುವರು ಒಂದು ನಾಟಕದ ಥಿಯೇಟರ್ ಹತ್ತಿರ ದೋಸೆ ಹಾಕೋಕೆ ಶುರು ಮಾಡಿದರು ಅಂತ ಇಲ್ಲಿನವರು ಹೇಳುತ್ತಾರೆ. ಆಗ ರಾಗಿ ದೋಸೆಯಂತೆ. ಅಕ್ಕಿ, ಬೆಣ್ಣೆ ಬಂದಿದ್ದು ಆಮೇಲೆ, ಮಕ್ಕಳ ಕಾಲದಲ್ಲಿ. ಚೆನ್ನಮ್ಮನವರನ್ನು ಎಷ್ಟು ಜನ ‘ಯಾರ ಪೈಕಿ’ ಅಂತ ಕೇಳಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇದನ್ನು ಕಥೆಯಲ್ಲಿ ಹಾಕೋಕೆ ತುಂಬಾ ಆಸೆಯಿತ್ತು. ಎರಡು ಸಲ ಹಾಕಿದೆ, ಎರಡು ಸಲ ತೆಗೆದೆ. ಪಾತ್ರ ಬಿಟ್ಟು ನಾನೇ ಭಾಷಣ ಮಾಡಿದ ಹಾಗಿತ್ತು.

2019ರಲ್ಲಿ ಬರೆಯೋಕೆ ಕೂತಾಗ ತಲೆಯಲ್ಲಿ ಇದ್ದಿದ್ದು ಇಷ್ಟೇ. ಒಂದು ವಠಾರ. ಅದರಲ್ಲಿ ಇಬ್ಬರು ಹೊರಗಿನವರು. ಒಬ್ಬ ಮುದುಕ, ನಾಟಕ ಕಂಪನಿ ಊರು ಬಿಟ್ಟು ಹೋದಾಗ ಇಲ್ಲೇ ಉಳಿದುಕೊಂಡವನು. ಇನ್ನೊಬ್ಬ ಒಡಿಶಾದಿಂದ ಟೈಲ್ಸ್ ಹಾಕೋಕೆ ಬಂದ ಹುಡುಗ. ಇಬ್ಬರ ಗೋಡೆ ಒಂದೇ. ಮುದುಕನನ್ನು ಎಲ್ಲರೂ ಮಾಸ್ತರು ಅನ್ನುತ್ತಾರೆ. ಹುಡುಗನನ್ನು ಯಾರೂ ಹೆಸರಿಡಿದು ಕರೆಯುವುದಿಲ್ಲ. ‘ಹಿಂದಿ ಹುಡುಗ’ ಅಷ್ಟೇ. ಅವನ ಮನೆಮಾತು ಒಡಿಯಾ, ಹಿಂದಿ ಅವನಿಗೂ ಕಲಿತ ಭಾಷೆ ಅನ್ನೋದು ವಠಾರದಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಮ್ಮ ಮಂಡಿಯಲ್ಲೂ ಹಾಗೇ. ಬಿಹಾರದವನಾಗಲಿ, ಬಂಗಾಳದವನಾಗಲಿ, ಎಲ್ಲರೂ ‘ಹಿಂದಿಯೋರು’.

ಮೊದಲ ಕರಡು ಇಪ್ಪತ್ತು ದಿನದಲ್ಲಿ ಮುಗಿಯಿತು. ಬೇಗ ಮುಗಿದಾಗಲೇ ಅನುಮಾನ ಬರಬೇಕಿತ್ತು. ಒಂದು ತಿಂಗಳು ಬಿಟ್ಟು ಓದಿದೆ. ‘ಒಂಟಿತನ’ ಅನ್ನೋ ಪದ ಹನ್ನೊಂದು ಕಡೆ ಇತ್ತು. ಸಂಜೆ ಆದರೆ ಒಂಟಿತನ, ಮಳೆ ಬಂದರೆ ಒಂಟಿತನ, ರೈಲು ಕೂಗಿದರೆ ಒಂಟಿತನ. ಕೆಂಪು ಪೆನ್ನಿನಲ್ಲಿ ಹನ್ನೊಂದನ್ನೂ ಹೊಡೆದು ಹಾಕಿದೆ. ಪದ ಹೋದ ಮೇಲೆ ನೋಡಿದರೆ ಅಲ್ಲಿ ಏನೂ ಉಳಿದಿರಲಿಲ್ಲ. ಸಂಜೆ, ಮಳೆ, ರೈಲು ಅಷ್ಟೇ ಇದ್ದವು. ಹುಡುಗ ಅಲ್ಲಿ ಏನು ಮಾಡುತ್ತಿದ್ದ ಅಂತ ನಾನು ಬರೆದೇ ಇರಲಿಲ್ಲ.

ನಾನೇ ಆಗ ಏನು ಮಾಡುತ್ತಿದ್ದೆ ಅಂತ ನೆನಪು ಮಾಡಿಕೊಂಡೆ. ಅಂಗಡಿಯಲ್ಲಿ ಸೋಪು ಬೇಕಿಲ್ಲದಿದ್ದರೂ ‘ಎಷ್ಟು?’ ಅಂತ ಕೇಳುತ್ತಿದ್ದೆ, ಯಾರಾದರೂ ಉತ್ತರ ಕೊಡಲಿ ಅಂತ. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ನಾಲ್ಕಕ್ಕೆ ನಿಂತರೆ ಬೇಳೆ, ಆರಾದರೆ ಕಾಳು. ಅವರ ಮನೆಯಲ್ಲಿ ಇವತ್ತು ಏನು ಅಡುಗೆ ಅಂತ ನನಗೆ ಗೊತ್ತಿರುತ್ತಿತ್ತು, ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಇದನ್ನು ಹಾಗೇ ಎತ್ತಿ ಹುಡುಗನಿಗೆ ಕೊಟ್ಟೆ. ಎರಡೇ ಸಾಲು. ಆ ಹನ್ನೊಂದು ಪದ ಮಾಡದ ಕೆಲಸ ಅದು ಮಾಡಿತು.

ಮೊದಲ ಕರಡಿನ ದೊಡ್ಡ ತಪ್ಪು ಮಾತ್ರ ಬೇರೆ. ಚಿತ್ರದುರ್ಗದ ಕಡೆಯವನು ಹೊರಗಿನವರ ಕಥೆ ಬರೆದರೆ ಒಂದು ನೆರಳು ಬಿದ್ದೇ ಬೀಳುತ್ತದೆ. ತರಾಸು ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 1972ರಲ್ಲಿ ಮಾಡಿದ ‘ನಾಗರಹಾವು’. ದುರ್ಗದ ಬಂಡೆಗಳ ಮೇಲೆ ಅಲೆಯುವ ರಾಮಾಚಾರಿ, ಊರಲ್ಲಿ ಅವನನ್ನು ಅರ್ಥ ಮಾಡಿಕೊಳ್ಳೋ ಒಬ್ಬರು ಚಾಮಯ್ಯ ಮೇಷ್ಟ್ರು. ನಮ್ಮಲ್ಲಿ ಈ ಜೋಡಿ ರಕ್ತದಲ್ಲೇ ಇಳಿದುಬಿಟ್ಟಿದೆ. ನನ್ನ ಮಾಸ್ತರು ಗೊತ್ತಿಲ್ಲದೆ ಚಾಮಯ್ಯ ಮೇಷ್ಟ್ರೇ ಆಗಿಬಿಟ್ಟಿದ್ದರು. ಹುಡುಗ ಅಳುತ್ತಾನೆ, ಮಾಸ್ತರು ತಲೆ ಸವರುತ್ತಾರೆ. ಹುಡುಗನಿಗೆ ಹಸಿವು, ಮಾಸ್ತರು ಬಡಿಸುತ್ತಾರೆ. ಎಲ್ಲ ಒಂದೇ ಕಡೆಯಿಂದ. ಇದು ಜೊತೆ ಅಲ್ಲ, ದಾನ. ಮತ್ತೆ ಇನ್ನೊಂದು: ನನ್ನ ಮಾಸ್ತರಿಗೆ ಏನು ಕಷ್ಟ ಅಂತ ನನಗೇ ಗೊತ್ತಿರಲಿಲ್ಲ. ಸುಮ್ನೆ ಒಳ್ಳೆಯವರಾಗಿ ಕೂತಿದ್ದರು.

ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂತು. ಹೆದ್ದಾರಿಯಲ್ಲಿ ಚೀಲ ಹೊತ್ತು ನಡೆಯುವವರನ್ನು ನಾನೂ ನೋಡಿದೆ. ಕಥೆಗೆ ತರಲೇಬೇಕು ಅಂತ ಗೆಳೆಯರು ಹೇಳಿದರು. ತಂದುಬಿಟ್ಟೆ. ಹುಡುಗ ಮಾಯವಾಗಿ ‘ವಲಸಿಗರು’ ಅನ್ನೋ ಗುಂಪು ಉಳಿಯಿತು. ಅದನ್ನೂ ತೆಗೆದೆ.

ಮೂರನೇ ಕರಡಿಗೆ ಮುಂಚೆ ಬರೆಯೋದು ಬಿಟ್ಟು ಸ್ವಲ್ಪ ದಿನ ತಿರುಗಾಡಿದೆ. ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ಕೂತೆ. ದಾವಣಗೆರೆಯ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಎಲ್ಲರಿಗೂ ಗೊತ್ತು. ಅದು ಹೇಗೆ ಆಗುತ್ತೆ ಅಂತ ನೋಡಿದವರು ಕಮ್ಮಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಹಿಡಿಸಿ, ಕೊನೆಗೆ ಕಾದ ಮರಳಲ್ಲಿ ಹುರಿಯುತ್ತಾರೆ. ಒಲೆಗೆ ಭತ್ತದ ಹೊಟ್ಟೇ ಉರುವಲು. ಅಂಗಳದಲ್ಲಿ ಬಿಸಿಲು, ಒಳಗೆ ಬೆಂಕಿ, ಎಲ್ಲದರ ಮೇಲೂ ಮಸಿ. ಅಲ್ಲಿ ನೋಡಿದ್ದು ಏನೆಂದರೆ, ಒಲೆ ಮುಂದೆ ಕೂತ ಇಬ್ಬರು ಇಡೀ ಪಾಳಿ ಮಾತಾಡುವುದಿಲ್ಲ. ಒಬ್ಬ ಮರಳು ಕೆದಕಿದಾಗ ಇನ್ನೊಬ್ಬನ ಕೈಯಲ್ಲಿ ಜರಡಿ ಇರುತ್ತದೆ. ಕೇಳಬೇಕಾಗಿಲ್ಲ. ಒಬ್ಬ ತಡಮಾಡಿದರೆ ಮಂಡಕ್ಕಿ ಸೀಯುತ್ತದೆ, ಬೈಗುಳ ಇಬ್ಬರಿಗೂ. ನನ್ನ ಕಥೆಯಲ್ಲಿ ಇಬ್ಬರು ಎದುರುಬದುರು ಕೂತು ಕಷ್ಟ ಹೇಳಿಕೊಳ್ಳುತ್ತಿದ್ದರು. ಜೊತೆ ಅನ್ನೋದು ಹಾಗೆ ಹುಟ್ಟುವುದನ್ನು ನಾನು ಬದುಕಿನಲ್ಲಿ ಎಲ್ಲೂ ನೋಡಿಯೇ ಇಲ್ಲ. ಅವರಿಬ್ಬರ ನಡುವೆ ಏನೋ ಒಂದು ಕೆಲಸ ಇರಬೇಕಿತ್ತು, ಇಬ್ಬರೂ ಅದನ್ನು ನೋಡುತ್ತಿರಬೇಕಿತ್ತು.

ಮಂಡಿಯಲ್ಲಿ ಇನ್ನೊಂದು ಪಾಠ ಸಿಕ್ಕಿತು. ಇದು ನನಗೆ ಇಷ್ಟವಾಗದ ಪಾಠ. ನಮ್ಮಲ್ಲಿ ಮೂಟೆ ಹೊರುವ ಹಳೆಯ ಹಮಾಲಿಗಳಲ್ಲಿ ಕೆಲವರು ಇಪ್ಪತ್ತು, ಮೂವತ್ತು ವರ್ಷದ ಹಿಂದೆ ಬರ ಅಂತ ಹಳ್ಳಿ ಬಿಟ್ಟು ಬಂದವರು. ಈಗ ಹಿಂದಿಯವರನ್ನು ಕಂಡರೆ ಎಲ್ಲರಿಗಿಂತ ಜಾಸ್ತಿ ಉರಿದು ಬೀಳುವವರು ಅವರೇ. ‘ಇವರು ಬಂದು ಊರು ಕೆಟ್ಟಿತು.’ ಮೊದಲು ನಗು ಬರುತ್ತಿತ್ತು. ಆಮೇಲೆ ಅರ್ಥವಾಯಿತು. ಬಾಗಿಲ ಹತ್ತಿರ ನಿಂತವನಿಗೇ ಹಿಂದಿನವರು ತಳ್ಳುತ್ತಾರೆ ಅನ್ನೋ ಭಯ. ಒಳಗೆ ಸೋಫಾ ಮೇಲೆ ಕೂತವನಿಗೆ ಏನು? ಇಬ್ಬರು ಹೊರಗಿನವರನ್ನು ಒಂದೇ ವಠಾರದಲ್ಲಿ ಇಟ್ಟರೆ ಗೆಳೆಯರಾಗುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಒಬ್ಬರ ಕಣ್ಣಿಗೆ ಒಬ್ಬರು ಬೀಳಬಾರದು ಅಂತ ನೋಡುತ್ತಾರೆ ಅನ್ನೋದು ನಿಜ. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ವರ್ಷದಲ್ಲಿ ಅದೇ ಓಣಿಯಲ್ಲಿ ನಮ್ಮ ಕಡೆಯ ಇನ್ನೊಬ್ಬ ಹುಡುಗ ಇದ್ದ, ತೆಲುಗಿನಲ್ಲಿ ಕೂಗಿ ಕರೆಯುತ್ತಿದ್ದ. ಜನರ ಮುಂದೆ ನಾನು ಕೇಳಿಸದ ಹಾಗೆ ಹೋಗುತ್ತಿದ್ದೆ.

ಹಾಗಾಗಿ ಮೂರನೇ ಕರಡಿನಲ್ಲಿ ಮಾಸ್ತರು ಹುಡುಗನನ್ನು ದ್ವೇಷಿಸೋಕೆ ಶುರು ಮಾಡಿದರು. ಗೋಡೆ ಕುಟ್ಟುತ್ತಾರೆ. ಅವನ ಸಾಸಿವೆ ಎಣ್ಣೆ ವಾಸನೆಗೆ ಬೈಯುತ್ತಾರೆ. ಓನರಿಗೆ ದೂರು ಹೇಳುತ್ತಾರೆ. ಆಗ ಮೊದಲ ಸಲ ಮಾಸ್ತರಿಗೆ ಜೀವ ಬಂತು. ನನಗೂ ಬರೆಯೋಕೆ ಹುರುಪು ಬಂತು.

ಆದರೆ ದ್ವೇಷದಿಂದ ಜೊತೆಗೆ ದಾಟಿಸೋದು ಹೇಗೆ? ಒಂದು ಕಾಯಿಲೆ ತರಿಸಿ, ಹುಡುಗ ಆಸ್ಪತ್ರೆಗೆ ಒಯ್ಯುವಂತೆ ಮಾಡಬಹುದಿತ್ತು. ನೂರು ಕಥೆಯಲ್ಲಿ ಓದಿದ್ದೇನೆ. ಬೇಡ ಅನ್ನಿಸಿತು.

ದಾರಿ ತೋರಿಸಿದ್ದು ನಾಟಕ. ದಾವಣಗೆರೆಗೂ ಕಂಪನಿ ನಾಟಕಕ್ಕೂ ನಂಟು ಹಳೆಯದು. ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿ ಇದೇ ಊರಿನದು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗ ಕಂಪನಿಗಳು ಬಂದು ತಗಡಿನ ಥಿಯೇಟರ್ ಹಾಕುತ್ತವೆ. ಟೀ ಅಂಗಡಿಯಲ್ಲಿ ಪರಿಚಯವಾದ ಹಳೆಯ ಕಂಪನಿ ಕಲಾವಿದರೊಬ್ಬರು ಬಹಳ ವರ್ಷ ಪ್ರಾಂಪ್ಟರ್ ಆಗಿದ್ದರಂತೆ. ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಪಿಸುಗುಟ್ಟಿ ಕೊಡುವ ಕೆಲಸ. ನಾನು ಕೇಳಿದೆ, ಅದರಲ್ಲಿ ಕಷ್ಟ ಏನು ಅಂತ. ‘ದನಿ ನಟನಿಗೆ ಕೇಳಬೇಕು, ಮೊದಲ ಸಾಲಿನ ಕುರ್ಚಿಗೆ ಕೇಳಬಾರದು. ಮತ್ತೆ ಇಡೀ ಮಾತು ಕೊಡಬಾರದು ರೀ. ಮೊದಲ ಪದ ಕೊಡಬೇಕು ಅಷ್ಟೇ. ಪೂರ್ತಿ ಕೊಟ್ಟರೆ ಅವನ ಮುಖ ಬಿದ್ದುಹೋಗುತ್ತೆ.’

ಅವತ್ತು ಟೀ ದುಡ್ಡು ಕೊಡೋದು ಮರೆತು ಎದ್ದು ಬಂದಿದ್ದೆ. ಮಾರನೇ ದಿನ ಕೊಟ್ಟೆ, ಇರಲಿ. ಮಾಸ್ತರು ಯಾರು ಅಂತ ಗೊತ್ತಾಗಿತ್ತು. ಕಂಪನಿಯವರನ್ನು ಊರಿನವರು ಚಪ್ಪಾಳೆ ತಟ್ಟಿ ನೋಡುತ್ತಾರೆ, ಮನೆ ಬಾಡಿಗೆಗೆ ಕೊಡುವುದಿಲ್ಲ. ಆ ಹೊರಗಿನವರಲ್ಲೂ ಇವರು ಹೊರಗಿನವರು. ಜೀವಮಾನವಿಡೀ ರಂಗದಿಂದ ಮೂರು ಅಡಿ ದೂರದಲ್ಲಿ ನಿಂತವರು, ಒಂದು ಸಲವೂ ಬೆಳಕಿಗೆ ಬರದವರು. ಎಲ್ಲರ ಮಾತೂ ಬಾಯಿಪಾಠ, ತಮ್ಮದು ಅಂತ ಒಂದು ಮಾತಿಲ್ಲ. ಈಗ ಅವರ ಪಿಸುಮಾತು ಯಾರಿಗೂ ಬೇಡ. ಕಷ್ಟ ಅಂದರೆ ಇದು.

ಹುಡುಗನ ಕಷ್ಟ ಕನ್ನಡ. ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾಷೆ ಬಾರದವರ ಮಾತನ್ನು ಬರೆಯೋದರಲ್ಲೇ ನನಗೆ ಒಂದು ವರ್ಷ ಹೋಯಿತು. ಮೊದಲು ಹಿಂದಿಯನ್ನೇ ಕನ್ನಡ ಅಕ್ಷರದಲ್ಲಿ ಬರೆದೆ. ಓದೋಕೆ ಸಿನಿಮಾ ಸಂಭಾಷಣೆ ಥರ ಇತ್ತು. ಆಮೇಲೆ ಶುದ್ಧ ಕನ್ನಡದಲ್ಲಿ ಬರೆದು ‘ಎಂದು ಹಿಂದಿಯಲ್ಲಿ ಹೇಳಿದ’ ಅಂತ ಸೇರಿಸಿದೆ. ಅದು ಸರ್ಕಾರಿ ನೋಟಿಸು. ಕೊನೆಗೆ ನಮ್ಮ ಯಾರ್ಡಿನಲ್ಲಿ ಕೆಲಸ ಮಾಡುವ ಒಡಿಶಾದವರ ಮಾತು ಕಿವಿಗೊಟ್ಟು ಕೇಳಿದೆ. ಒಡಿಯಾದಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣು ಭೇದವಿಲ್ಲ. ಬಂದ, ಬಂದಳು ಎರಡಕ್ಕೂ ಒಂದೇ ರೂಪ. ಕನ್ನಡಕ್ಕೆ ಬಂದಾಗ ಅವರು ಸುಲಭದ ದಾರಿ ಹಿಡಿಯುತ್ತಾರೆ, ಎಲ್ಲದಕ್ಕೂ ‘ಬಂತು’. ಬಸ್ಸು ಬಂತು, ಸೇಟು ಬಂತು, ಅಮ್ಮ ಬಂತು. ನನ್ನ ಹುಡುಗ ಎದುರುಮನೆಯಾಕೆಯನ್ನು ನೋಡಿ ‘ಆಂಟಿ ಬಂತು’ ಅನ್ನುತ್ತಾನೆ. ಆಕೆ ಸೊಂಟದ ಮೇಲೆ ಕೈಯಿಟ್ಟು ‘ಬಂತು ಅನ್ನೋಕೆ ನಾನೇನು ಎಮ್ಮೆನಾ?’ ಅನ್ನುತ್ತಾಳೆ. ಹುಡುಗನಿಗೆ ತಪ್ಪೇನು ಅಂತ ಗೊತ್ತಾಗಲ್ಲ. ಇಡೀ ವಠಾರ ನಗುತ್ತದೆ.

ಆಗ ಗೋಡೆ ಹಿಂದಿನಿಂದ ಒಂದು ಪಿಸುದನಿ ಬರುತ್ತದೆ. ‘ಬಂದರು...’

ಮಾಸ್ತರಿಗೆ ಅದು ಅಭ್ಯಾಸಬಲ. ಯಾರೋ ಮಾತು ತಪ್ಪಿದರು, ಬಾಯಿಗೆ ಬಂತು, ಅಷ್ಟೇ. ಪ್ರೀತಿಯಲ್ಲ, ಕರುಣೆಯಲ್ಲ. ಅವತ್ತು ರಾತ್ರಿ ಅವರಿಗೇ ತಮ್ಮ ಮೇಲೆ ಸಿಟ್ಟು. ಆದರೆ ಮಾರನೇ ದಿನ ಓನರ್ ಬಾಡಿಗೆ ಕೇಳೋಕೆ ಬಂದಾಗ ಹುಡುಗ ಬಾಗಿಲಲ್ಲಿ ನಿಂತು ಗೋಡೆ ಕಡೆ ಸ್ವಲ್ಪ ಬಾಗುತ್ತಾನೆ, ಕಿವಿ ಕೊಟ್ಟು. ಇಷ್ಟು ವರ್ಷದ ಮೇಲೆ ಯಾರೋ ಒಬ್ಬ ಪ್ರಾಂಪ್ಟರಿನ ಮಾತಿಗೆ ಕಾಯುತ್ತಿದ್ದಾನೆ. ಈ ಪುಟ ಬರೆದ ದಿನ ನಾನು ಊಟ ಮಾಡಿರಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ನೆನಪಾಯಿತು.

ಆಮೇಲೆ ಕಥೆ ತಾನಾಗಿ ನಡೆಯಿತು. ಮಾಸ್ತರಿಗೆ ಗೊತ್ತಿರೋದು ಕಂಪನಿ ಕನ್ನಡ. ಹಾಗಾಗಿ ಹುಡುಗ ಕಲಿತಿದ್ದೂ ಅದೇ. ಕಾಂಟ್ರಾಕ್ಟರ್ ಮುಂದೆ ನಿಂತು ‘ಅಪ್ಪಣೆಯಾಗಲಿ ಸ್ವಾಮಿ, ಸಿಮೆಂಟು ತೀರಿದೆ’ ಅನ್ನುತ್ತಾನೆ. ತರಕಾರಿಯವಳಿಗೆ ‘ತಾಯೇ, ಈ ಬದನೆಕಾಯಿಯ ಬೆಲೆ ಎಂತು?’ ಊರಿಗೆಲ್ಲ ತಮಾಷೆ. ಆದರೆ ತಮಾಷೆ ಮಾಡಿದ ಮೇಲೆ ಜನ ಮಾತಾಡಿಸೋಕೆ ಶುರು ಮಾಡುತ್ತಾರೆ. ಹುಡುಗನೂ ಬಿಟ್ಟಿ ಕಲಿಯೋದಿಲ್ಲ. ಮಾಸ್ತರ ರೂಮಿನ ಒಡೆದ ನೆಲಕ್ಕೆ ಸೈಟುಗಳಲ್ಲಿ ಮಿಕ್ಕ ಟೈಲ್ಸ್ ತುಂಡು ತಂದು ಕೂರಿಸುತ್ತಾನೆ, ದಿನಕ್ಕೆ ಒಂದು. ಒಂದೊಂದೂ ಬೇರೆ ಬಣ್ಣ. ಮಾಸ್ತರು ಬಣ್ಣ ಹೊಂದಲ್ಲ ಅಂತ ಬೈಯುತ್ತಾ ಇನ್ನೊಂದು ತುಂಡು ಯಾವಾಗ ತರುತ್ತಾನೆ ಅಂತ ಕಾಯುತ್ತಾರೆ.

ಈ ಹೊತ್ತಿಗೆ ನಾನು ಇನ್ನೊಂದು ಪುಸ್ತಕ ಓದಿದೆ. ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’, 1818ರದ್ದು. ಭೂತದ ಕಥೆ ಅಂತ ಇಷ್ಟು ದಿನ ಮುಟ್ಟಿರಲಿಲ್ಲ. ಅದರಲ್ಲಿ ಆ ವಿಕಾರ ಜೀವಿ ಒಂದು ಗುಡಿಸಲಿನ ಪಕ್ಕ ಅವಿತು, ಗೋಡೆಯ ಸಂದಿಯಿಂದ ಒಂದು ಬಡ ಕುಟುಂಬವನ್ನು ತಿಂಗಳುಗಟ್ಟಲೆ ನೋಡುತ್ತದೆ. ರಾತ್ರಿ ಕದ್ದು ಅವರಿಗೆ ಸೌದೆ ತಂದಿಡುತ್ತದೆ. ಆ ಮನೆಗೆ ದೂರದೇಶದ ಸಾಫೀ ಅನ್ನೋ ಹೆಣ್ಣುಮಗಳು ಬರುತ್ತಾಳೆ. ಮನೆಯ ಮಗ ಅವಳಿಗೆ ಭಾಷೆ ಕಲಿಸುತ್ತಾನೆ. ಗೋಡೆಯಾಚೆ ಕೂತು ಈ ಜೀವಿಯೂ ಅದೇ ಪಾಠ ಕಲಿಯುತ್ತದೆ. ಇಬ್ಬರು ಹೊರಗಿನವರು, ಒಂದೇ ಪಾಠ. ಅವಳು ಮನೆಯವಳಾಗುತ್ತಾಳೆ. ಇವನು ಧೈರ್ಯ ಮಾಡಿ ಒಳಗೆ ಹೋಗುತ್ತಾನೆ. ಕುರುಡ ಅಜ್ಜ ಪ್ರೀತಿಯಿಂದ ಮಾತಾಡಿಸುತ್ತಾನೆ, ಆದರೆ ಮಗ ಬಂದು ಕೋಲಿನಿಂದ ಹೊಡೆಯುತ್ತಾನೆ. ಓದಿ ಎರಡು ದಿನ ಬೇಜಾರಾಗಿತ್ತು. ಇನ್ನೂರು ವರ್ಷದ ಹಿಂದೆ, ಇನ್ನೂ ಇಪ್ಪತ್ತು ತುಂಬದ ಹುಡುಗಿ ಶುರು ಮಾಡಿದ ಕಥೆಯಲ್ಲಿ ನನ್ನ ಗೋಡೆ ಆಗಲೇ ಇತ್ತು! ಕದ್ದಿಲ್ಲ ಅಂತ ಯಾರಿಗೆ ಹೇಳಲಿ? ಆಮೇಲೆ ಸಮಾಧಾನ ಮಾಡಿಕೊಂಡೆ. ಅವಳ ಗೋಡೆಯಲ್ಲಿ ಮಾತು ಒಂದೇ ಕಡೆ ಹರಿಯುತ್ತದೆ. ನನ್ನದರಲ್ಲಿ ಆ ಕಡೆ ಇರುವವರಿಗೂ ಈ ಕಡೆಯವನು ಬೇಕು.

ಆದರೆ ಆ ಕೋಲಿನ ಏಟು ನನಗೆ ಒಂದು ಮಾತು ಕಲಿಸಿತು. ಭಾಷೆ ಕಲಿತ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ನನ್ನ ಕರಡಿನಲ್ಲಿ ಹುಡುಗ ಕನ್ನಡ ಕಲಿತ ಕೂಡಲೇ ವಠಾರ ಅವನನ್ನು ಒಪ್ಪಿಕೊಂಡುಬಿಟ್ಟಿತ್ತು, ಎಲ್ಲರೂ ಸೇರಿ ಹಬ್ಬದೂಟ ಹಾಕಿದ್ದರು. ಸುಳ್ಳು. ನಾನು ದಾವಣಗೆರೆಯಲ್ಲಿ ಇಷ್ಟು ವರ್ಷ ಇದ್ದೇನೆ, ಯಾರೂ ಸೇರಿ ಊಟ ಹಾಕಿಲ್ಲ. ಹಾಗಾದರೆ ಈ ಊರು ನನ್ನದು ಅಂತ ನನಗೆ ಯಾವಾಗ ಅನ್ನಿಸಿತು?

ನಲ್ಲಿಯ ಹತ್ತಿರ. ದಾವಣಗೆರೆಗೆ ಕುಂದವಾಡ ಕೆರೆಯಿಂದ, ಟಿ.ವಿ. ಸ್ಟೇಷನ್ ಕೆರೆಯಿಂದಲೂ ನೀರು ಬರುತ್ತದೆ, ಭದ್ರಾ ನಾಲೆ ತುಂಬಿಸಿದ ನೀರು. ನಾಲೆ ನಿಂತ ಬೇಸಿಗೆಯಲ್ಲಿ ನಲ್ಲಿ ಯಾವಾಗ ಬರುತ್ತೆ ದೇವರಿಗೇ ಗೊತ್ತು. ಹಾಗಾಗಿ ಜನ ನಿಲ್ಲುವುದಿಲ್ಲ, ಕೊಡ ನಿಲ್ಲುತ್ತದೆ. ಕೊಡ ಸಾಲಿನಲ್ಲಿಟ್ಟು ಕೆಲಸಕ್ಕೆ ಹೋಗುತ್ತೇವೆ. ನಾನಿಲ್ಲದಾಗ ಸಾಲು ಮುಂದೆ ಸರಿದರೆ ನನ್ನ ಕೊಡ ಹಿಂದೆಯೇ ಉಳಿಯುತ್ತಿತ್ತು, ಯಾರಾದರೂ ಪಕ್ಕಕ್ಕೆ ಒದ್ದಿರುತ್ತಿದ್ದರು. ಎರಡನೇ ವರ್ಷ ಒಂದು ಸಂಜೆ ಮಂಡಿಯಿಂದ ಬಂದಾಗ ಎದುರುಮನೆಯ ಹೆಂಗಸು ಜೋರಾಗಿ ಬೈದಳು. ‘ಏನ್ರೀ, ನಿಮ್ಮ ಕೊಡ ಎಷ್ಟು ಸಲ ಮುಂದೆ ಸರಿಸೋದು ನಾನು? ನನಗೇನು ಬೇರೆ ಕೆಲಸ ಇಲ್ವಾ?’ ಸಾಲಿನಲ್ಲಿ ನನ್ನ ಕೊಡ ಎರಡನೆಯದಾಗಿತ್ತು. ಆ ಬೈಗುಳದಷ್ಟು ಖುಷಿ ನನಗೆ ಇನ್ಯಾವ ಹೊಗಳಿಕೆಯೂ ಕೊಟ್ಟಿಲ್ಲ. ಪರದೇಶಿ ಅನ್ನೋ ಪದಕ್ಕೆ ನಮ್ಮ ಮಾತಿನಲ್ಲಿ ಎರಡು ಅರ್ಥ, ಅಲ್ವಾ? ಬೇರೆ ದೇಶದವನು, ಮತ್ತೆ ಯಾರೂ ಇಲ್ಲದವನು. ಅವತ್ತು ಮೊದಲನೆಯದು ಹಾಗೇ ಇತ್ತು. ಎರಡನೆಯದು ಸ್ವಲ್ಪ ಸಡಿಲವಾಗಿತ್ತು.

ಹಬ್ಬದೂಟ ಹೊಡೆದು ಹಾಕಿ ಕೊಡ ತಂದೆ. ಹುಡುಗನ ಕೊಡ ಹಸಿರು ಪ್ಲಾಸ್ಟಿಕ್ಕಿನದು, ಹಿಡಿಕೆ ಮುರಿದದ್ದು.

ಕೊನೆ ಮಾತ್ರ ಸರಿಹೋಗಲಿಲ್ಲ. ನಾಲ್ಕನೇ ಕರಡಿನಲ್ಲಿ ಮಾಸ್ತರನ್ನು ಸಾಯಿಸಿದೆ. ಅಳು ಬರುತ್ತಿತ್ತು, ಆದರೆ ಕಣ್ಣಿಗೆ ಈರುಳ್ಳಿ ಹಿಂಡಿದ ಅಳು. ಐದರಲ್ಲಿ ಕಂಪನಿ ಜಾತ್ರೆಗೆ ವಾಪಸು ಬಂದು ಮಾಸ್ತರನ್ನು ಕರೆದೊಯ್ಯುತ್ತದೆ. ಅದೂ ಆಗಲಿಲ್ಲ, ಬಿಟ್ಟು ಹೋದವರು ಹುಡುಕಿಕೊಂಡು ಬರುವುದು ನಾಟಕದಲ್ಲಿ ಮಾತ್ರ. ಆರರಲ್ಲಿ ಹುಡುಗ ಹೊರಡುತ್ತಾನೆ. ದುರಂತವೇನಿಲ್ಲ, ಇಲ್ಲಿ ಕೆಲಸ ಮುಗಿಯಿತು, ಕಾಂಟ್ರಾಕ್ಟರ್ ಬೇರೆ ಊರಿಗೆ ಕಳಿಸುತ್ತಿದ್ದಾನೆ. ಬೆಳಗಿನ ಜಾವ, ಬ್ಯಾಗು ಹೆಗಲಿಗೆ. ಬಾಗಿಲು ದಾಟುವಾಗ ಸಿಮೆಂಟು ಧೂಳಿಗೋ ಏನೋ ಒಂದು ಸೀನು ಬರುತ್ತದೆ. ಒಂದೇ. ಈ ಒಂದೂವರೆ ವರ್ಷದಲ್ಲಿ ಒಂಟಿ ಸೀನಿಗೆ ಏನರ್ಥ ಅಂತ ಅವನೂ ಕಲಿತಿದ್ದಾನೆ. ನಿಲ್ಲುತ್ತಾನೆ. ಬಸ್ಸಿಗೆ ಹೊತ್ತಾಗಿದೆ. ಇನ್ನೊಂದು ಬರುತ್ತಿಲ್ಲ. ಆಗ ಗೋಡೆಯಾಚೆಯಿಂದ ಒಂದು ಸೀನು ಕೇಳುತ್ತದೆ. ಸುಳ್ಳು ಸೀನು, ಕಂಪನಿ ನಾಟಕದ್ದು, ಮೊದಲ ಸಾಲಿನ ಕುರ್ಚಿಗೂ ಕೇಳುವಷ್ಟು ಜೋರು.

ಒಂದು ಪತ್ರಿಕೆಗೆ ಕಳಿಸಿದೆ. ಏನೂ ನಡೆಯುವುದಿಲ್ಲ ಅಂತ ವಾಪಸು ಬಂತು. ಇರಲಿ. ಅಷ್ಟರಲ್ಲಿ ನನಗೆ ಬೇರೆ ಓದುಗರು ಸಿಕ್ಕಿದ್ದರು. ಮಂಡಿಯಲ್ಲಿ ಮಧ್ಯಾಹ್ನ ಟೆಂಡರ್ ಮುಗಿದು ತೂಕ ಶುರುವಾಗೋ ಮುಂಚೆ ಸ್ವಲ್ಪ ಬಿಡುವು. ಹಮಾಲಿಗಳು ಚೀಲದ ಮೇಲೆ ಒರಗಿರುತ್ತಾರೆ. ಮೂರು ಮಧ್ಯಾಹ್ನ ಓದಿ ಹೇಳಿದೆ. ‘ಎಮ್ಮೆನಾ’ ಅನ್ನೋ ಕಡೆ ನಕ್ಕರು. ಸೀನು ಬಂದಾಗ ಯಾರೂ ಮಾತಾಡಲಿಲ್ಲ, ನಾನು ಗೆದ್ದೆ ಅಂದುಕೊಂಡೆ. ಆಗ ಹಿಂದಿಯವರನ್ನು ಕಂಡರೆ ಉರಿದು ಬೀಳುತ್ತಿದ್ದ ಹಳೆಯ ಹಮಾಲಿ, ಕೈಯಲ್ಲಿದ್ದ ಕೊಕ್ಕೆಯಿಂದ ಬೆನ್ನು ಕೆರೆದುಕೊಳ್ಳುತ್ತಾ ಕೇಳಿದ.

‘ಅದೆಲ್ಲ ಸರಿ. ಆ ಹುಡುಗನ ಕೊಡ ಏನಾಯ್ತು?’

ನಾನು ಬರೆದಿರಲಿಲ್ಲ. ಸಾಲಿನಲ್ಲೇ ಇರುತ್ತೆ, ಮಾಸ್ತರು ಮುಂದೆ ಸರಿಸುತ್ತಾ ಇರುತ್ತಾರೆ ಅಂತ ಏನೋ ಹೇಳಿದೆ.

‘ಹೋದವನ ಖಾಲಿ ಕೊಡ ನಲ್ಲಿ ಸಾಲಿನಲ್ಲಿ ಯಾರು ಇಟ್ಟುಕೊಳ್ತಾರೆ ರೀ? ಬೇಸಿಗೆಯಲ್ಲಿ? ಆ ಎಮ್ಮೆ ಹೆಂಗಸು ಮೊದಲ ದಿನವೇ ಎತ್ತಿ ತನ್ನ ಮನೆಗೆ ಇಟ್ಟುಕೊಂಡಿರ್ತಾಳೆ.’

ಉಳಿದವರೂ ಹೌದು ಹೌದು ಅಂದರು. ತೂಕ ಶುರುವಾಯಿತು, ಎಲ್ಲರೂ ಎದ್ದು ಹೋದರು. ಅವತ್ತು ರಾತ್ರಿ ಕೂತು ಇನ್ನೂ ಎರಡು ಪುಟ ಬರೆದೆ. ಆಕೆ ಹಸಿರು ಕೊಡ ಎತ್ತಿಕೊಂಡು ಹೋಗುತ್ತಾಳೆ. ಇಷ್ಟು ವರ್ಷ ಪಿಸುಗುಟ್ಟುವುದು ಬಿಟ್ಟು ಬೇರೆ ದನಿಯೇ ಇಲ್ಲದ ಮಾಸ್ತರು, ಅಂಗಳದ ನಡುವೆ ನಿಂತು, ವಠಾರವೆಲ್ಲ ಹೊರಗೆ ಬರೋ ಹಾಗೆ ಜಗಳ ತೆಗೆಯುತ್ತಾರೆ. ಒಂದು ಹಿಡಿಕೆ ಮುರಿದ ಕೊಡಕ್ಕೆ. ಆಕೆಯೂ ಬಿಡುವವಳಲ್ಲ. ಜಗಳ ಇನ್ನೂ ಮುಗಿದಿಲ್ಲ. ನಿನ್ನೆಯೂ ಅದನ್ನೇ ಬರೆಯುತ್ತಿದ್ದೆ.